ಕೆಳಭಾಗದ ಪಾಲು ಎಲ್ಲಿ?

ಗಂಜಿನಲ್ಲಿ ಚೀಲ ಹೊರುವ ಹಮಾಲನಿಗೂ ತುಂಗಭದ್ರೆಯ ಎಡದಂಡೆ ಕಾಲುವೆಯ ಗೇಜಿಗೂ ಏನು ಸಂಬಂಧ ಎಂದು ಕೇಳುವವರು ನಮ್ಮ ರಾಯಚೂರಿನಲ್ಲಿ ಇಂದಿಗೂ ಇದ್ದಾರೆ. ನೀರಿನ ಜಗಳ ರೈತರದು, ಅದನ್ನು ರೈತರೂ ಇಂಜಿನಿಯರರೂ ಬಗೆಹರಿಸಿಕೊಳ್ಳಲಿ, ಗಿರಣಿಯ ಕೆಲಸಗಾರನಿಗೆ ಕೂಲಿಯ ಮಾತು ಸಾಕು, ಅಂಗಡಿಕಾರನಿಗೆ ತೆರಿಗೆಯ ಮಾತು ಸಾಕು ಎಂಬುದು ಇವರ ವಾದ. ಈ ವಾದವನ್ನು ನಾವು ಒಪ್ಪುವುದಿಲ್ಲ. ಅಕ್ಕಿ ಗಿರಣಿಯ ಬಾಯ್ಲರು ವರ್ಷದಲ್ಲಿ ಎಷ್ಟು ತಿಂಗಳು ಉರಿಯುತ್ತದೆ, ಹತ್ತಿ ಜಿನ್ನಿಂಗಿನಲ್ಲಿ ಎಷ್ಟು ಪಾಳಿ ನಡೆಯುತ್ತದೆ, ಕಿರಾಣಿ ಅಂಗಡಿಯ ಉದ್ದರಿ ಪುಸ್ತಕ ಯುಗಾದಿಗೆ ಚುಕ್ತಾ ಆಗುತ್ತದೆಯೋ ಮತ್ತೊಂದು ವರ್ಷಕ್ಕೆ ಮುಂದೆ ಹೋಗುತ್ತದೆಯೋ, ಇವೆಲ್ಲಕ್ಕೂ ಕಾಲುವೆಯ 104ನೆಯ ಮೈಲಿನ ಗೇಜಿಗೂ ನೇರ ಸಂಬಂಧವಿದೆ. ಅದೂ ಹೋಗಲಿ, ಈ ಪಟ್ಟಣದ ನಲ್ಲಿಯಲ್ಲಿ ಬರುವ ನೀರಿನ ಒಂದು ಪಾಲು ಇದೇ ಕಾಲುವೆಯಿಂದ ಗಣೇಕಲ್ ಜಲಾಶಯವನ್ನೂ ರಾಂಪುರದ ಕೆರೆಯನ್ನೂ ಸೇರಿ ನಮಗೆ ಮುಟ್ಟುತ್ತದೆ. ಕಾಲುವೆಯ ಕೊನೆಯಲ್ಲಿ ಇರುವವನು ಮಾನ್ವಿಯ, ಸಿರವಾರದ ರೈತನೊಬ್ಬನೇ ಅಲ್ಲ. ನಾವೂ ಅಲ್ಲಿಯೇ ಇದ್ದೇವೆ.

ಅಣೆಕಟ್ಟು ಕಟ್ಟಿದ್ದು ಯಾತಕ್ಕೆ ಎಂಬುದನ್ನು ಮೊದಲು ನೆನಪಿಗೆ ತಂದುಕೊಳ್ಳಬೇಕು. 1876ರಿಂದ 1878ರ ವರೆಗಿನ ಧಾತು-ಈಶ್ವರ ಸಂವತ್ಸರಗಳ ಬರದಲ್ಲಿ ಬಳ್ಳಾರಿ, ರಾಯಚೂರು ಸೀಮೆಯ ಹಳ್ಳಿಗಳು ಬರಿದಾದವು. ಅಂದಿನಿಂದ ತುಂಗಭದ್ರೆಗೆ ಕಟ್ಟೆ ಕಟ್ಟುವ ಮಾತು ಆರಂಭವಾಗಿ, ಹೈದರಾಬಾದು ಮತ್ತು ಮದರಾಸು ಸರಕಾರಗಳು ಕೂಡಿ 1945ರ ಫೆಬ್ರವರಿಯಲ್ಲಿ ಅಸ್ತಿಭಾರ ಹಾಕಿದವು. 1953ರಲ್ಲಿ ಕಾಲುವೆಗೆ ನೀರು ಬಂತು. ಯೋಜನೆಯನ್ನು ರೂಪಿಸಿದವರ ಉದ್ದೇಶ ಸ್ಪಷ್ಟವಾಗಿತ್ತು. ಕೆಲವೇ ಎಕರೆಗೆ ಹೊಟ್ಟೆ ತುಂಬ ನೀರು ಕೊಡುವುದಲ್ಲ, ಬಹಳ ಎಕರೆಗೆ ಬರ ತಪ್ಪಿಸುವಷ್ಟು ನೀರು ಕೊಡುವುದು. ಮಳೆ ಕೈಕೊಟ್ಟಾಗ ಜೋಳ ಒಣಗಬಾರದು, ಹತ್ತಿ ಸಾಯಬಾರದು. ಅದಕ್ಕಾಗಿ ಸರ್ವೆ ನಂಬರು ಒಂದೊಂದಕ್ಕೂ ಇಂಥದೇ ಬೆಳೆ ಎಂದು ಗೊತ್ತುಮಾಡಿ ಪಟ್ಟಿ ಬರೆದರು: ಇಷ್ಟು ಭೂಮಿಗೆ ಭತ್ತ, ಇಷ್ಟಕ್ಕೆ ಕಬ್ಬು, ಉಳಿದ ಬಹುಪಾಲು ಭೂಮಿಗೆ ಅರೆ ನೀರಾವರಿ ಬೆಳೆ. ಎಡದಂಡೆ ಕಾಲುವೆಯ ಉದ್ದ 141 ಮೈಲು, ಈಗಿನ ಲೆಕ್ಕದಲ್ಲಿ 227 ಕಿಲೋಮೀಟರು. ಅದರ ಕೆಳಗೆ ಕೊಪ್ಪಳ, ಗಂಗಾವತಿಯಿಂದ ಹಿಡಿದು ಸಿಂಧನೂರು, ಮಾನ್ವಿ, ಸಿರವಾರ, ರಾಯಚೂರಿನ ವರೆಗೆ ಸುಮಾರು 6 ಲಕ್ಷ ಎಕರೆ. ಈ 6 ಲಕ್ಷ ಎಕರೆಯ ಲೆಕ್ಕ ನಿಂತಿರುವುದೇ ಆ ಪಟ್ಟಿಯ ಮೇಲೆ. ಪಟ್ಟಿಯನ್ನು ಮುರಿದರೆ ಲೆಕ್ಕ ಮುರಿಯಿತು.

ಪಟ್ಟಿ ಮುರಿದು ದಶಕಗಳೇ ಕಳೆದವು. ಮೇಲ್ಭಾಗದಲ್ಲಿ ಜೋಳ, ಹತ್ತಿಗೆಂದು ಬರೆದ ಭೂಮಿಯಲ್ಲಿ ಭತ್ತ ನಿಂತಿದೆ. ಒಂದು ಎಕರೆ ಭತ್ತ ಕುಡಿಯುವ ನೀರಿನಲ್ಲಿ ಎರಡು ಮೂರು ಎಕರೆ ಜೋಳ ಬದುಕುತ್ತದೆ ಎಂಬುದು ಹೊಲ ಕಂಡ ಯಾರಿಗೂ ಹೊಸ ಸಂಗತಿಯಲ್ಲ. ಹಾಗಾದರೆ ಮೇಲಿನ ಒಂದು ಎಕರೆ ಭತ್ತ ಕೆಳಗಿನ ಎರಡು ಎಕರೆಯ ಬಾಯಿಂದ ನೀರು ಕಸಿದುಕೊಂಡಂತಾಯಿತು. ಪಟ್ಟಿಯಲ್ಲಿಯೇ ಇಲ್ಲದ, ಅಚ್ಚುಕಟ್ಟಿನ ಹೊರಗಿನ ಭೂಮಿಗೂ ಕಾಲುವೆಗೆ ಪಂಪು ಇಟ್ಟು ನೀರೆಳೆಯುವುದುಂಟು. ಹಂಗಾಮು ಬಂತೆಂದರೆ ಪ್ರತಿ ವರ್ಷವೂ ಅದೇ ನಾಟಕ. ಕಾಲುವೆಯ ದಂಡೆಗೆ ನಿಷೇಧಾಜ್ಞೆ ಹಾಕುತ್ತಾರೆ, ಅಧಿಕಾರಿಗಳು ರಾತ್ರಿ ಜೀಪಿನಲ್ಲಿ ಗಸ್ತು ತಿರುಗುತ್ತಾರೆ, ಒಂದಿಷ್ಟು ಪೈಪು ಕೀಳುತ್ತಾರೆ. ಜೀಪು ಮುಂದೆ ಹೋದ ಮೇಲೆ ಪೈಪು ಹಿಂದೆಯೇ ಬಂದು ಕೂರುತ್ತದೆ. ಕೆಳಭಾಗದ ರೈತರು 76ನೆಯ ವಿತರಣಾ ಕಾಲುವೆಗೆ ನೀರು ಬಂದಿಲ್ಲವೆಂದು ರಸ್ತೆಯಲ್ಲಿ ಕೂರುತ್ತಾರೆ. ಮೂರು ದಿನದಲ್ಲಿ ಗೇಜು ಸರಿಪಡಿಸುವ ಭರವಸೆ ಸಿಗುತ್ತದೆ. ಅಷ್ಟರಲ್ಲಿ ಜೋಳ ತೆನೆ ಕಟ್ಟುವ ಕಾಲ ದಾಟಿರುತ್ತದೆ.

ಇಲ್ಲಿ ಒಂದು ಮಾತನ್ನು ನೇರವಾಗಿ ಹೇಳಿಬಿಡುತ್ತೇವೆ. ಮೇಲ್ಭಾಗದ ರೈತನನ್ನು ಕಳ್ಳನೆಂದು ಕರೆದು ಕೈ ತೊಳೆದುಕೊಳ್ಳುವುದು ನಮಗೆ ಸಮ್ಮತವಲ್ಲ. ಆಂಧ್ರದ ಕರಾವಳಿಯಿಂದ ಬಂದು ಕ್ಯಾಂಪು ಹಾಕಿದವರು ಭತ್ತ ತಂದರು, ತಪ್ಪೆಲ್ಲ ಅವರದೇ ಎಂಬ ಮಾತೂ ಆಗಾಗ ಕೇಳಿಬರುತ್ತದೆ. ಅದು ಅರ್ಧ ಸತ್ಯವೂ ಅಲ್ಲ. ಅವರು ಬೆಳೆದರು, ನೋಡಿ ನಮ್ಮವರೂ ಬೆಳೆದರು. ಯಾಕೆ ಬೆಳೆದರು? ಭತ್ತಕ್ಕೆ ಗಿರಣಿ ಕಾದಿದೆ, ಅಡತಿ ಅಂಗಡಿ ನಾಟಿಗೆ ಮೊದಲೇ ಮುಂಗಡ ಕೊಡುತ್ತದೆ, ಅಂಗಡಿಯವನು ಗೊಬ್ಬರವನ್ನು ಉದ್ದರಿ ಕೊಡುವುದೂ ಭತ್ತದ ಭರವಸೆಯ ಮೇಲೆ. ಜೋಳ ಬೆಳೆದವನಿಗೆ ಏನಿದೆ? ಸರಕಾರದ ಖರೀದಿ ಕೇಂದ್ರ ಬಾಗಿಲು ತೆರೆಯುವ ಹೊತ್ತಿಗೆ ಅವನ ಜೋಳ ಸಾಲದ ಬಾಬ್ತು ದಲ್ಲಾಳಿಯ ಕೈಗೆ ಹೋಗಿರುತ್ತದೆ. ಹೀಗೆ ಹೊಲದಲ್ಲಿ ಯಾವ ಬೆಳೆ ನಿಲ್ಲಬೇಕೆಂಬ ತೀರ್ಮಾನ ಹೊಲದಲ್ಲಿ ಆಗುವುದಿಲ್ಲ, ಪಟ್ಟಣದ ಗಾದಿಯ ಮೇಲೆ ಆಗುತ್ತದೆ. ನಮ್ಮ ವಾಚಕರಲ್ಲಿ ವ್ಯಾಪಾರ ಮಾಡುವ ಕೆಲವರಿಗೆ ಈ ಮಾತು ಹಿಡಿಸಲಿಕ್ಕಿಲ್ಲ. ಆದರೆ ಕೆಳಭಾಗದ ರೈತ ಕೆಟ್ಟ ವರ್ಷ ಅವರ ಉದ್ದರಿಯೂ ಮುಳುಗುತ್ತದೆ ಎಂಬುದನ್ನು ಅವರೇ ತಮ್ಮ ಪುಸ್ತಕ ತೆರೆದು ನೋಡಿಕೊಳ್ಳಲಿ.

ಇನ್ನು ಮೇಲ್ಭಾಗದವನಾದರೂ ಸುಖವಾಗಿದ್ದಾನೆಯೇ? ಅದೂ ಇಲ್ಲ. ಎರೆಮಣ್ಣು ನೀರು ಹಿಡಿದುಕೊಳ್ಳುವ ಮಣ್ಣು. ಕುಡಿದ ನೀರನ್ನು ಬೇಗ ಕೆಳಗೆ ಬಿಡುವುದಿಲ್ಲ. ವರ್ಷಕ್ಕೆ ಎರಡು ಭತ್ತಕ್ಕೆಂದು ತಿಂಗಳುಗಟ್ಟಲೆ ನೀರು ನಿಲ್ಲಿಸಿದರೆ ನೆಲದೊಳಗಿನ ನೀರು ಮೇಲೇರುತ್ತದೆ. ಅದರೊಡನೆ ಮಣ್ಣಿನಲ್ಲಿದ್ದ ಉಪ್ಪೂ ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ ಏರುತ್ತದೆ. ಬಿಸಿಲಿಗೆ ನೀರು ಆವಿಯಾಗಿ ಹೋಗುತ್ತದೆ, ಉಪ್ಪು ಉಳಿಯುತ್ತದೆ. ಬೇಸಿಗೆಯಲ್ಲಿ ಗಂಗಾವತಿ, ಸಿಂಧನೂರಿನ ಕಡೆ ಹೋದವರು ಗದ್ದೆಯ ಮೇಲೆ ಸುಣ್ಣ ಬಳಿದಂತೆ ಕಾಣುವ ಬಿಳಿಯ ಪೊರೆ ನೋಡಿರಬಹುದು. ಅದೇ ಸವಳು. ತಗ್ಗಿನ ಹೊಲಗಳಲ್ಲಿ ನೀರೇ ಇಂಗದೆ ನಿಂತು ಜವಳಾಗುತ್ತದೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ಬಹಳ ವರ್ಷಗಳಿಂದ ಈ ಸವಳು ಜವಳಿನ ಅಭ್ಯಾಸ ಮಾಡುತ್ತ ಬಂದಿದೆ. ವಿಜ್ಞಾನಿಗಳು ಕೊಡುವ ಲೆಕ್ಕದಂತೆ ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಹೀಗೆ ಕೆಟ್ಟ ಭೂಮಿ ಸುಮಾರು 96 ಸಾವಿರ ಹೆಕ್ಟೇರು. ಎಕರೆಯಲ್ಲಿ ಹೇಳಿದರೆ ಎರಡೂಕಾಲು ಲಕ್ಷಕ್ಕೂ ಮೇಲೆ. ಕೆಳಗೆ ನೀರಿಲ್ಲದೆ ಸಾಯುವ ಭೂಮಿ, ಮೇಲೆ ನೀರು ಹೆಚ್ಚಾಗಿ ಸಾಯುವ ಭೂಮಿ. ಒಂದೇ ಕಾಲುವೆ, ಒಂದೇ ನೀರು. ಬರ ತಪ್ಪಿಸಲು ಕಟ್ಟಿದ ಕಾಲುವೆಯ ಎರಡೂ ತುದಿಗಳಲ್ಲಿ ನಾವು ಬರಡು ನೆಲ ಮಾಡುತ್ತಿದ್ದೇವೆ.

ಸವಳಿಗೆ ಮದ್ದಿಲ್ಲವೆಂದಲ್ಲ. ಗೇಣುದ್ದದ ಮಾತಿನಲ್ಲಿ ಹೇಳುವುದಾದರೆ, ಹೊಲದಡಿಯಲ್ಲಿ ತೂತಿನ ಪೈಪು ಹೂತು ಹೆಚ್ಚಿನ ನೀರನ್ನು ಬಸಿದು ಹಳ್ಳಕ್ಕೆ ಬಿಡಬೇಕು. ಉಪ್ಪೂ ಅದರೊಡನೆ ತೊಳೆದುಹೋಗುತ್ತದೆ. ಪ್ರಯೋಗ ಮಾಡಿದ ಕಡೆಗಳಲ್ಲಿ ಸತ್ತ ಗದ್ದೆ ಮತ್ತೆ ಬೆಳೆ ಕೊಟ್ಟಿದೆ. ಆದರೆ ಒಬ್ಬನ ಬಸಿನೀರು ಇನ್ನೊಬ್ಬನ ಹೊಲ ದಾಟಿಯೇ ಹಳ್ಳ ಸೇರಬೇಕು. ಐದು ಎಕರೆಯವನು ತಾನೊಬ್ಬನೇ ಪೈಪು ಹೂತು ಏನು ಮಾಡಿಯಾನು? ಊರು ಕೂಡಿ ಮಾಡುವ ಕೆಲಸವಿದು, ಸರಕಾರ ಹಣ ಹಾಕಿ ಮಾಡಿಸುವ ಕೆಲಸ. ಕಾಲುವೆ ತೋಡಿದಾಗಲೇ ಬಸಿಗಾಲುವೆಯನ್ನೂ ತೋಡಬೇಕಿತ್ತು. ನೀರು ಬಿಡುವ ದಿನ ಮಂತ್ರಿಗಳು ಬಂದು ಬಾಗಿನ ಕೊಡುತ್ತಾರೆ. ನೀರು ಬಸಿಯುವ ಕಾಲುವೆಗೆ ಬಾಗಿನ ಕೊಡುವವರು ಯಾರೂ ಇಲ್ಲ. ಅದಕ್ಕೇ ಅದು ಹೂಳು, ಜೊಂಡು ತುಂಬಿ ಬಿದ್ದಿದೆ.

ಹುಲ್ಲಿನ ಸಂಗತಿಗೆ ಬರೋಣ. ಕಟಾವಿನ ಯಂತ್ರ ಬಂದ ಮೇಲೆ ಭತ್ತದ ಹುಲ್ಲು ಮೆದೆಗೆ ಬರುವುದು ಕಡಿಮೆಯಾಗಿದೆ. ಯಂತ್ರ ತೆನೆಯನ್ನು ತಿಂದು ಹುಲ್ಲನ್ನು ಗದ್ದೆಯ ತುಂಬ ಚೆಲ್ಲಿಹೋಗುತ್ತದೆ. ಅದಕ್ಕೆ ಬೆಂಕಿ ಹಚ್ಚುವುದು ರೂಢಿಯಾಗಿಬಿಟ್ಟಿದೆ. ಒಂದು ಟನ್ ಹುಲ್ಲಿನಲ್ಲಿ ಐದಾರು ಕಿಲೋ ಸಾರಜನಕವಿರುತ್ತದೆ. ಬೆಂಕಿಯಿಟ್ಟರೆ ಹೆಚ್ಚುಕಡಿಮೆ ಅಷ್ಟೂ ಹೊಗೆಯಾಗಿ ಹೋಗುತ್ತದೆ. ಮಣ್ಣಿಗೆ ಸೇರಬೇಕಾದ ಕಸುವೂ ಹೋಯಿತು. ಮರುವಾರ ಅದೇ ರೈತ ಗಂಜಿಗೆ ಬಂದು ಯೂರಿಯಾ ಚೀಲಕ್ಕೆ ಸರದಿಯಲ್ಲಿ ನಿಲ್ಲುತ್ತಾನೆ. ಇತ್ತ ದೇವದುರ್ಗ, ಲಿಂಗಸುಗೂರಿನ ಒಣ ಬೇಸಾಯದ ಹಳ್ಳಿಗಳಲ್ಲಿ ಬೇಸಿಗೆ ಬಂತೆಂದರೆ ಮೇವಿಲ್ಲದೆ ದನ ಸಂತೆಗೆ ಹೊಡೆಯುತ್ತಾರೆ. ಒಂದು ತಾಲೂಕಿನಲ್ಲಿ ಮೇವಿಗೆ ಬೆಂಕಿ, ಪಕ್ಕದ ತಾಲೂಕಿನಲ್ಲಿ ದನಕ್ಕೆ ಉಪವಾಸ.

ರೈತನಿಗೆ ಬುದ್ಧಿಯಿಲ್ಲ, ತಿಳುವಳಿಕೆ ಕೊಡಬೇಕು ಎಂದು ಭಾಷಣ ಮಾಡುವವರು ಒಂದು ಸಂಗತಿಯನ್ನು ವಿಚಾರಿಸುವುದಿಲ್ಲ. ಹಸಿ ಹುಲ್ಲನ್ನು ಉತ್ತ ಕೂಡಲೇ ನಾಟಿ ಮಾಡಿದರೆ ಕೊಳೆಯುವ ಹುಲ್ಲೇ ಮಣ್ಣಿನ ಸಾರಜನಕವನ್ನು ಎಳೆದುಕೊಂಡು ಪೈರು ಹಳದಿಯಾಗುತ್ತದೆ. ಹುಲ್ಲು ಕೊಳೆಯಲು ಎರಡು ಮೂರು ವಾರ ಬೇಕು, ಮಣ್ಣಿನಲ್ಲಿ ಹಸಿ ಬೇಕು. ಆದರೆ ಎರಡನೆಯ ಬೆಳೆಗೆ ನೀರು ಎಂದಿನಿಂದ ಎಂದಿನ ವರೆಗೆ ಎಂಬುದು ಕೊನೆಯ ಗಳಿಗೆಯ ವರೆಗೆ ರೈತನಿಗೆ ಖಚಿತವಿರುವುದಿಲ್ಲ. ನೀರು ಬಂದಾಗ ಗದ್ದೆ ಸಿದ್ಧವಿಲ್ಲದಿದ್ದರೆ ಅವನ ಪಾಲು ಹೋಯಿತು. ಆದ್ದರಿಂದ ಅವನು ಕಡ್ಡಿ ಗೀರುತ್ತಾನೆ. ಹುಲ್ಲು ಸುಡುವುದನ್ನು ನಿಲ್ಲಿಸಬೇಕಾದರೆ ದಂಡ ಹಾಕುವ ಪೊಲೀಸರಿಗಿಂತ ಮೊದಲು ನೀರು ಬಿಡುವ ಇಲಾಖೆ ತನ್ನ ತಾರೀಖುಪಟ್ಟಿಯನ್ನು ಸರಿಪಡಿಸಿಕೊಳ್ಳಬೇಕು. ನೀರಿನ ಹಂಚಿಕೆಯ ರೋಗವೇ ಹುಲ್ಲಿನ ಹೊಗೆಯಾಗಿ ಕಾಣಿಸಿಕೊಳ್ಳುತ್ತಿದೆ ಎಂದು ನಾವು ಹೇಳುವುದು ಇದಕ್ಕೇ.

ಹೊಲದ ಹೊಗೆ ವರ್ಷಕ್ಕೆರಡು ಸಲ. ಗಿರಣಿಯ ಬೂದಿ ದಿನವೂ. ನೂರು ಕಿಲೋ ಭತ್ತ ಗಿರಣಿಗೆ ಹೋದರೆ ಇಪ್ಪತ್ತು ಕಿಲೋದಷ್ಟು ಹೊಟ್ಟು ಬರುತ್ತದೆ. ಆ ಹೊಟ್ಟನ್ನು ಬಾಯ್ಲರಿಗೆ ಹಾಕಿ ಭತ್ತ ಬೇಯಿಸುವುದು ಒಳ್ಳೆಯ ಉಪಯೋಗವೇ. ಕಟ್ಟಿಗೆ, ಕಲ್ಲಿದ್ದಲು ಉಳಿಯಿತು. ಆದರೆ ಹೊಟ್ಟಿನ ಐದನೆಯ ಒಂದು ಪಾಲು ಬೂದಿಯಾಗಿ ಉಳಿಯುತ್ತದೆ. ದಿನಕ್ಕೆ ನೂರು ಕ್ವಿಂಟಲ್ ಭತ್ತ ನಡೆಸಿ ಹೊಟ್ಟನ್ನೆಲ್ಲ ಉರಿಸುವ ಗಿರಣಿಯಲ್ಲಿ ನಾಲ್ಕು ಕ್ವಿಂಟಲ್ ಬೂದಿ. ಎಲ್ಲಿಗೆ ಹೋಗುತ್ತದೆ ಅದು? ಊರ ಹೊರಗಿನ ರಸ್ತೆಯ ಬದಿಗೆ, ಹಳ್ಳಕ್ಕೆ, ಗಾಳಿ ಬಂದಾಗ ಕೆಲಸಗಾರರ ಬಿಡಾರಕ್ಕೆ. ಬಾಯ್ಲರ ಬಾಯಲ್ಲಿ ನಿಂತು ಬೂದಿ ಎಳೆಯುವವನಿಗೆ ಮೂಗಿಗೊಂದು ಟವೆಲೇ ರಕ್ಷಣೆ. ಈ ಬೂದಿಯ ಬಹುಪಾಲು ಸಿಲಿಕಾ. ಸಿಮೆಂಟಿಗೂ ಉಕ್ಕಿನ ಕಾರಖಾನೆಗಳಿಗೂ ಬೇಕಾದ ಮಾಲು. ಮಾಲಾಗುವ ವಸ್ತುವನ್ನು ರಸ್ತೆಗೆ ಸುರಿದು, ಕೆಮ್ಮನ್ನು ಕೂಲಿಕಾರನಿಗೆ ಬಿಟ್ಟಿದ್ದೇವೆ. ಗಿರಣಿಗಳು ಕೂಡಿ ಒಂದು ಕಡೆ ಮುಚ್ಚಿಗೆಯ ಕೊಠಡಿ ಕಟ್ಟಿ ಬೂದಿ ಸಂಗ್ರಹಿಸಿ ಮಾರುವುದು ಆಗದ ಕೆಲಸವೇನಲ್ಲ. ಮಾಲಿಕರು ತಾವಾಗಿ ಮಾಡುತ್ತಾರೆಂದು ನಾವು ಕಾಯುವುದಿಲ್ಲ. ಬೂದಿ ಎಳೆಯುವವನ ಮುಖಕವಚ, ವರ್ಷಕ್ಕೊಮ್ಮೆ ಎದೆಯ ಪರೀಕ್ಷೆ, ಇವು ಕೂಲಿಯ ಬೇಡಿಕೆಯ ಜೊತೆಯಲ್ಲಿಯೇ ಕಾಗದದ ಮೇಲೆ ಬರಬೇಕು.

ಈಗ ಜಲಾಶಯದ ಕಡೆ ನೋಡಿದರೆ ಸಂಕಟ ಇನ್ನೂ ದೊಡ್ಡದು. 1953ರಲ್ಲಿ ಸುಮಾರು 133 ಟಿಎಂಸಿ ನೀರು ಹಿಡಿಯುತ್ತಿದ್ದ ಕಟ್ಟೆ ಇಂದು ಹಿಡಿಯುವುದು ಸುಮಾರು 105 ಟಿಎಂಸಿ. ಉಳಿದ ಜಾಗವನ್ನು ಹೂಳು ತುಂಬಿದೆ. 2017ರ ಬೇಸಿಗೆಯಲ್ಲಿ ರೈತರು ತಾವೇ ಹಣ ಕೂಡಿಸಿ, ಯಂತ್ರ, ಟ್ರ್ಯಾಕ್ಟರು ತಂದು ಹೂಳಿನ ಜಾತ್ರೆ ಮಾಡಿದರು. ಆ ಹುಮ್ಮಸ್ಸಿಗೆ ನಮ್ಮ ನಮಸ್ಕಾರ. ಆದರೆ ಟ್ರ್ಯಾಕ್ಟರಿನಿಂದ ಎತ್ತುವ ಹೂಳಲ್ಲ ಅದು. 2024ರ ಆಗಸ್ಟ್ 10ರ ರಾತ್ರಿ 19ನೆಯ ಗೇಟು ಕೊಚ್ಚಿಕೊಂಡು ಹೋಯಿತು; ತುಂಬಿದ ಕಟ್ಟೆಯ ನೀರು ನದಿಗೆ ಹರಿದು ಹೋಗುವುದನ್ನು ಇಡೀ ಸೀಮೆ ಕಣ್ಣೀರಿಟ್ಟು ನೋಡಿತು. ಗೇಟುಗಳ ಆಯುಷ್ಯ ಮುಗಿಯಿತೆಂದು 2025ರಲ್ಲಿ 80 ಟಿಎಂಸಿಗೆ ಮೀರಿ ನೀರು ನಿಲ್ಲಿಸದಿರಲು ಗೊತ್ತುಮಾಡಿದರು. 33 ಗೇಟುಗಳನ್ನೂ ಬದಲಿಸಬೇಕೆಂದು ಅದೇ ವರ್ಷದ ಕೊನೆಗೆ ಎರಡನೆಯ ಬೆಳೆಗೆ ನೀರಿಲ್ಲವೆಂಬ ತೀರ್ಮಾನವೂ ಬಂತು. ಗೇಟು ಬದಲಿಸುವುದು ಬೇಡವೆನ್ನುವ ಮೂರ್ಖರು ನಾವಲ್ಲ. ಎಪ್ಪತ್ತು ವರ್ಷ ಎಣ್ಣೆ ಬಣ್ಣ ಬಳಿದು ದಾಟಿಸಿದವರು ಯಾರು ಎಂದು ಮಾತ್ರ ಕೇಳುತ್ತೇವೆ. ಹೊಸಪೇಟೆಯ ಬಸವಣ್ಣ ಕಾಲುವೆ, ರಾಯ ಕಾಲುವೆ ವಿಜಯನಗರದ ಕಾಲದವು. ಇಂದಿಗೂ ಗದ್ದೆಗೆ ನೀರು ಹರಿಸುತ್ತಿವೆ. ಕಟ್ಟಿದವರ ಜಾಣತನದಿಂದ ಮಾತ್ರ ಅವು ಉಳಿದಿಲ್ಲ, ತಲೆತಲಾಂತರ ಹೂಳೆತ್ತಿದ ಕೈಗಳಿಂದ ಉಳಿದಿವೆ.

ಹೂಳಿಗೆ ಪರಿಹಾರವೆಂದು ನವಲಿಯ ಬಳಿ ಸಮತೋಲನ ಜಲಾಶಯ ಕಟ್ಟುವ ಮಾತು ವರ್ಷಗಳಿಂದ ನಡೆದಿದೆ. ಸಾವಿರಾರು ಕೋಟಿಯ ಬಾಬ್ತು. ಕಟ್ಟುವುದಾದರೆ ಕಟ್ಟಲಿ, ನಮ್ಮ ವಿರೋಧವಿಲ್ಲ. ಆದರೆ ಇಂದಿನ ಹಂಚಿಕೆಯನ್ನೇ ಇಟ್ಟುಕೊಂಡು ಹೊಸ ಕಟ್ಟೆ ಕಟ್ಟಿದರೆ ಆ ನೀರೂ ಮೇಲಿನ ತೂಬುಗಳಲ್ಲಿಯೇ ಇಳಿದುಹೋಗುತ್ತದೆ, 104ನೆಯ ಮೈಲಿಗೆ ಬರುವುದಿಲ್ಲ. ಮೊದಲು ಇರುವ ನೀರಿನ ಲೆಕ್ಕ ಒಪ್ಪಿಸಿ, ಆಮೇಲೆ ಹೊಸ ನೀರಿನ ಮಾತಾಡಿ ಎಂದು ಆಳುವವರಿಗೆ ಹೇಳಬೇಕಾಗಿದೆ.

ಕಾಯಿದೆಗಳಿಗೆ ಕೊರತೆಯಿಲ್ಲ. 1965ರ ಕರ್ನಾಟಕ ನೀರಾವರಿ ಕಾಯಿದೆಗೆ 2000ದಲ್ಲಿ ತಿದ್ದುಪಡಿ ತಂದು ನೀರು ಬಳಕೆದಾರರ ಸಹಕಾರ ಸಂಘಗಳಿಗೆ ಹಂಚಿಕೆಯ ಕೆಲಸ ಒಪ್ಪಿಸುವ ದಾರಿ ಮಾಡಿದರು. ನಾವು ಕಂಡ ಮಟ್ಟಿಗೆ ಈ ಸಂಘಗಳಲ್ಲಿ ಬಹಳಷ್ಟಕ್ಕೆ ಬೋರ್ಡು ಇದೆ, ಬೀಗ ಇದೆ, ಬೀಗದ ಕೈ ಊರಿನ ದೊಡ್ಡವರ ಮನೆಯಲ್ಲಿದೆ. 2024ರಲ್ಲಿ ಮತ್ತೆ ತಿದ್ದಿ ಕಾಲುವೆ ನೀರು ಕದಿಯುವವರಿಗೆ ಶಿಕ್ಷೆ ಹೆಚ್ಚಿಸಿದರು. ಸಣ್ಣವನ ಐದು ಎಚ್‌ಪಿ ಪಂಪಿಗೆ ಈ ಕಾಯಿದೆ ಬೀಳುವುದರಲ್ಲಿ ಸಂಶಯವಿಲ್ಲ. ನೂರಾರು ಎಕರೆಯವನ ಪೈಪಿಗೆ ಬಿದ್ದ ದಿನ ನಾವು ಇದೇ ಪುಟದಲ್ಲಿ ಇಲಾಖೆಯನ್ನು ಹೊಗಳುತ್ತೇವೆ.

ಪಂಜಾಬು, ಹರಿಯಾಣದ ಕಾಲುವೆಗಳಲ್ಲಿ ವಾರಬಂದಿ ಎಂಬ ಪದ್ಧತಿಯುಂಟು. ಯಾವ ರೈತನಿಗೆ ವಾರದ ಯಾವ ದಿನ, ಯಾವ ಗಂಟೆಯಿಂದ ಯಾವ ಗಂಟೆಯ ವರೆಗೆ ನೀರು ಎಂಬುದನ್ನು ಭೂಮಿಯ ಅಳತೆಯ ಮೇಲೆ ಬರೆದು ಗೊತ್ತುಮಾಡುತ್ತಾರೆ. ಅಲ್ಲಿಯೂ ಕಳವಿಲ್ಲವೆಂದಲ್ಲ; ಆ ಸೀಮೆಯಲ್ಲಿಯೂ ಭತ್ತದ ಹುಚ್ಚು ಹಿಡಿದು ಅಂತರ್ಜಲ ಪಾತಾಳಕ್ಕೆ ಹೋಗಿದೆ, ಹುಲ್ಲಿನ ಹೊಗೆ ಊರೂರಿಗೆ ಮುಸುಕಿದೆ. ಆದರೆ ಸರದಿ ಬರಹದಲ್ಲಿದ್ದರೆ ಬಡವ ಅದನ್ನು ಹಿಡಿದು ಜಗಳವಾಡಬಹುದು. ನಮ್ಮಲ್ಲಿ ಅವನ ಕೈಯಲ್ಲಿ ಹಿಡಿಯಲು ಕಾಗದವೇ ಇಲ್ಲ. ಮೇಲಿನ ತೂಬಿನವರು ಮುಗಿಸಿದ ಮೇಲೆ ಉಳಿದದ್ದು ಅವನ ಪಾಲು.

ಆದ್ದರಿಂದ ನಮ್ಮ ಬೇಡಿಕೆ ದೊಡ್ಡದೇನಲ್ಲ. ಪ್ರತಿ ತೂಬಿನ ಸರದಿ ಬರಹದಲ್ಲಿ ಬರಲಿ, ಹಂಚುವಿಕೆ ಕೊನೆಯ ತೂಬಿನಿಂದ ಶುರುವಾಗಿ ಮೇಲಕ್ಕೆ ಬರಲಿ. ಪಟ್ಟಿಯಂತೆ ಜೋಳ, ತೊಗರಿ ಬೆಳೆದವನ ಮಾಲನ್ನು ಸರಕಾರ ಕಟಾವಿನ ವಾರದಲ್ಲಿಯೇ ಕೊಳ್ಳಲಿ. ಭತ್ತ ಬಿಡು ಎಂದು ಹೇಳುವ ಅಧಿಕಾರ ಆಮೇಲೆ ಅದಕ್ಕೆ ಬರುತ್ತದೆ. ಹುಲ್ಲನ್ನು ಕಟ್ಟು ಕಟ್ಟುವ ಯಂತ್ರಗಳನ್ನು ಸಹಕಾರ ಸಂಘಗಳ ಕೈಗೆ ಕೊಟ್ಟು, ಮೇವನ್ನು ದೇವದುರ್ಗದ ಸಂತೆಗೆ ಮುಟ್ಟಿಸಲಿ. ಮತ್ತೊಂದು ಕೆಲಸಕ್ಕೆ ಮಂತ್ರಿಗಳ ಅಪ್ಪಣೆಯೂ ಬೇಕಿಲ್ಲ, ಕೋಟಿ ರೂಪಾಯಿಯೂ ಬೇಕಿಲ್ಲ. ರಾಜೇಂದ್ರ ಗಂಜಿನಲ್ಲಿ ದಿನವೂ ಭತ್ತದ ಧಾರಣೆ, ಹತ್ತಿಯ ಧಾರಣೆ ತಿಳಿಸುತ್ತಾರೆ. ಅದರ ಪಕ್ಕದಲ್ಲಿಯೇ ಒಂದು ಹಲಗೆ ನಿಲ್ಲಿಸಿ 47ನೆಯ ಮೈಲು, 69ನೆಯ ಮೈಲು, 104ನೆಯ ಮೈಲಿನಲ್ಲಿ ಆ ಬೆಳಿಗ್ಗೆ ಗೇಜು ಎಷ್ಟಿತ್ತೆಂದು ಬರೆಯಲಿ. ಇಲಾಖೆ ಲೆಕ್ಕ ಕೊಡದಿದ್ದರೆ ಹಮಾಲರ ಸಂಘದ ಇಬ್ಬರು, ವ್ಯಾಪಾರಿಗಳ ಇಬ್ಬರು, ಕೆಳಭಾಗದ ರೈತರ ಇಬ್ಬರು ವಾರಕ್ಕೊಮ್ಮೆ ಬಸ್ಸು ಹತ್ತಿ ಹೋಗಿ ಗೇಜು ನೋಡಿ ಬರಲಿ. ಅವರು ತಂದ ಲೆಕ್ಕವನ್ನು ನಮ್ಮ ಪತ್ರಿಕೆ ಪ್ರತಿ ವಾರ ಮೊದಲ ಪುಟದಲ್ಲಿ ಅಚ್ಚು ಹಾಕುತ್ತದೆ.